ಅಂಬಾಸಿಡರ್ ಮಾರ್ಕ್ 4: ಡಿಸ್ಟ್ರಿಬ್ಯೂಟರ್ ಮರಳಿ ಕೂರಿಸಿದ ಮೇಲೆ ಟೈಮಿಂಗ್ ಹೊಂದುತ್ತಿಲ್ಲ

ತೀರ್ಥಹಳ್ಳಿ ಮಾರ್ಕ್4 ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಮಾರ್ಕ್ 4 ಇದೆ, 1489 ಸಿ.ಸಿ. ಪೆಟ್ರೋಲ್ ಎಂಜಿನ್, ಲೂಕಾಸ್ ಮಾದರಿಯ ಪಾಯಿಂಟ್ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ). ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್‌ಗಳು (ವಾಲ್ವುಗಳನ್ನು ತೆರೆಸುವ ಭಾಗಗಳು) ಸವೆದಿದ್ದರಿಂದ ಈಚೆಗೆ ಎಂಜಿನ್ ಬಿಚ್ಚಿಸಿ ಹೊಸದನ್ನು ಹಾಕಿಸಿದೆವು. ಆ ಕೆಲಸಕ್ಕಾಗಿ ಗ್ಯಾರೇಜಿನಲ್ಲಿ ಡಿಸ್ಟ್ರಿಬ್ಯೂಟರನ್ನೂ ಅದರ ಕೆಳಗಿನ ಡ್ರೈವ್ ಗೇರನ್ನೂ ಹೊರಗೆ ತೆಗೆದಿದ್ದರು.

ಕಾರು ಮನೆಗೆ ಬಂದಾಗಿನಿಂದ ಅದರ ಸ್ವಭಾವವೇ ಬದಲಾಗಿದೆ. ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ಹೊಡೆದ ಮೇಲೆ ಎಂಜಿನ್ ಹಿಡಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರ್ಬ್ಯುರೇಟರ್ ಕಡೆಯಿಂದ ಫಟ್ ಫಟ್ ಎಂದು ಸದ್ದು ಬರುತ್ತದೆ. ಮೊದಲು ಮೂರನೇ ಗೇರಿನಲ್ಲಿ ಸಲೀಸಾಗಿ ಏರುತ್ತಿದ್ದ ದಿಬ್ಬಗಳಿಗೆ ಈಗ ಎರಡನೇ ಗೇರು ಬೇಕಾಗುತ್ತಿದೆ, ಟೆಂಪರೇಚರ್ ಮುಳ್ಳು ಬೇಗನೆ ಮೇಲಕ್ಕೆ ಹೋಗುತ್ತಿದೆ, ಸೈಲೆನ್ಸರ್ ಪೈಪು ವಿಪರೀತ ಕಾಯುತ್ತಿದೆ. ಟೈಮಿಂಗ್ (ಕಿಡಿ ಹಾರುವ ಸಮಯ) ಮುಂದಕ್ಕೆ ಕೊಡೋಣವೆಂದು ಡಿಸ್ಟ್ರಿಬ್ಯೂಟರನ್ನು ಪ್ರದಕ್ಷಿಣ ದಿಕ್ಕಿಗೆ ತಿರುಗಿಸಿದರೆ ಎಂಜಿನ್ ಸ್ವಲ್ಪ ಹಗುರಾಗುತ್ತದೆ, ಆದರೆ ಅಷ್ಟರೊಳಗೆ ಅದರ ಪಕ್ಕದ ವ್ಯಾಕ್ಯೂಮ್ ಡಬ್ಬಿ (ಎಂಜಿನ್ನಿನ ಗಾಳಿಯ ಎಳೆತಕ್ಕೆ ತಕ್ಕಂತೆ ಟೈಮಿಂಗ್ ಬದಲಿಸುವ ಭಾಗ) ಎಂಜಿನ್ ಬ್ಲಾಕಿಗೆ ತಾಗಿ ಮುಂದೆ ಹೋಗುವುದಿಲ್ಲ. ಪಾಯಿಂಟ್, ಕಂಡೆನ್ಸರ್, ರೋಟರ್, ಕ್ಯಾಪ್ ಎಲ್ಲವೂ ಹೊಸವು. ಪ್ಲಗ್ ವೈರುಗಳು ಸಿಲಿಂಡರುಗಳ 1-3-4-2 ಕಿಡಿ ಕ್ರಮದಲ್ಲಿಯೇ ಇವೆ. ಗ್ಯಾರೇಜಿನವರು ಕಾರ್ಬ್ಯುರೇಟರ್ ಬದಲಾಯಿಸಲು ಹೇಳುತ್ತಿದ್ದಾರೆ. ಅದಕ್ಕೆ ಹಣ ಹಾಕುವ ಮೊದಲು ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಘಟ್ಟದ ಚಾಲಕ ಅವರ ಉತ್ತರ

ಸರ್, ಕಾರ್ಬ್ಯುರೇಟರಿಗೆ ಈಗಲೇ ಕೈ ಹಾಕಬೇಡಿ. ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದ ನಾವೆಲ್ಲ ಟೈಮಿಂಗನ್ನು ಕಿವಿಯಿಂದಲೇ ಇಡುತ್ತಿದ್ದೆವು. ಕ್ಲ್ಯಾಂಪ್ ಸಡಿಲಿಸಿ, ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ತಿರುಗಿಸಿ, ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗದಲ್ಲಿ ಬಿಗಿ ಮಾಡಿದರೆ ಆಯಿತು. ಡಬ್ಬಿ ಬ್ಲಾಕಿಗೆ ತಾಗುತ್ತಿದ್ದರೆ ಕ್ಯಾಪಿನ ಮೇಲೆ ನಾಲ್ಕೂ ವೈರುಗಳನ್ನು ಒಂದೊಂದು ಮನೆ ಸರಿಸಿ ಹಾಕಿ, ಡಿಸ್ಟ್ರಿಬ್ಯೂಟರನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳಿ.

ಕ್ಯಾಮ್ ಮತ್ತು ಕಾಯಿಲ್ ಅವರ ಉತ್ತರ

ಹಿರಿಯರ ಅನುಭವಕ್ಕೆ ಗೌರವವಿದೆ, ಆದರೆ ಈ ಸಂದರ್ಭದಲ್ಲಿ ಆ ಎರಡು ಸಲಹೆಗಳನ್ನೂ ನಾನು ಒಪ್ಪಲಾರೆ. ಭಾರವಿಲ್ಲದೆ ನಿಂತಲ್ಲೇ ಓಡುವ ಎಂಜಿನ್ನಿಗೆ ಟೈಮಿಂಗ್ ಅಗತ್ಯಕ್ಕಿಂತ ಬಹಳ ಮುಂದಿದ್ದರೂ ಹಿತವೇ. ಐಡ್ಲಿಂಗ್ ಅತ್ಯಂತ ಹೆಚ್ಚಾಗುವ ಜಾಗ ಯಾವಾಗಲೂ ಅತಿಯಾದ ಅಡ್ವಾನ್ಸಿನ (ಕಿಡಿ ಬೇಗ ಹಾರುವ) ಕಡೆಗೇ ಬೀಳುತ್ತದೆ. ಅಲ್ಲಿ ಬಿಗಿ ಮಾಡಿದ ಕಾರು ದಿಬ್ಬದಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಬಡಿಯುವ ಸದ್ದು) ಹೊಡೆಯುತ್ತದೆ, ಕಾದಿರುವಾಗ ಸೆಲ್ಫನ್ನು ಹಿಂದಕ್ಕೆ ಒದೆಯುತ್ತದೆ. ಇನ್ನು ಕ್ಯಾಪಿನ ಒಂದು ಮನೆ ಎಂದರೆ ಡಿಸ್ಟ್ರಿಬ್ಯೂಟರಿನ ಲೆಕ್ಕದಲ್ಲಿ 90 ಡಿಗ್ರಿ. ಅಷ್ಟನ್ನು ತುಂಬಿಕೊಡುವಷ್ಟು ದೂರ ತಿರುಗಲು ಆ ಇಕ್ಕಟ್ಟಿನಲ್ಲಿ ಡಬ್ಬಿಗೆ ಜಾಗವಿಲ್ಲ.

ಪ್ರಶ್ನೆಯಲ್ಲಿಯೇ ಉತ್ತರದ ಸುಳಿವು ಇದೆ. ಈ ಎಂಜಿನ್ ಬ್ರಿಟಿಷ್ ಮೂಲದ ಬಿ-ಸೀರೀಸ್. ಇದರ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಡದಲ್ಲಿ ಹಲ್ಲುಗಳಿಲ್ಲ. ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಸರಿದ ಒಂದು ನಾಲಿಗೆ ಇದೆ. ಅದು ಕೆಳಗಿನ ಡ್ರೈವ್ ಗೇರಿನ ತಲೆಯಲ್ಲಿರುವ, ಅಷ್ಟೇ ಸರಿದ ಸೀಳಿನೊಳಗೆ ಒಂದೇ ರೀತಿಯಲ್ಲಿ ಕೂರುತ್ತದೆ. ಆದ್ದರಿಂದ ಬರೀ ಡಿಸ್ಟ್ರಿಬ್ಯೂಟರನ್ನು ಎಷ್ಟು ಬಾರಿ ಹೊರತೆಗೆದು ಹಾಕಿದರೂ ರೋಟರ್ ಇದ್ದ ದಿಕ್ಕಿಗೇ ಬರುತ್ತದೆ. ಡ್ರೈವ್ ಗೇರನ್ನು ತೆಗೆದರೆ ಮಾತ್ರ ಆ ಭರವಸೆ ಹೋಗುತ್ತದೆ, ಏಕೆಂದರೆ ಓರೆ ಹಲ್ಲುಗಳ ಆ ಗೇರು ಕ್ಯಾಮ್‌ಶಾಫ್ಟಿನ ಯಾವ ಹಲ್ಲಿಗೆ ಬೇಕಾದರೂ ಕೂರಬಲ್ಲದು. ಮೇಲಿನಿಂದ ನೋಡಿದಾಗ ರೋಟರ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಮೈಯನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಅಡ್ವಾನ್ಸ್, ಅಪ್ರದಕ್ಷಿಣವಾದರೆ ರಿಟಾರ್ಡ್ (ಕಿಡಿ ತಡ). ನೀವು ಅಡ್ವಾನ್ಸ್ ಕಡೆಗೆ ತಿರುಗಿಸುತ್ತಾ ಹೋಗಿ, ಸಾಲದೆ, ಡಬ್ಬಿ ತಾಗಿ ನಿಂತಿದೆ. ಎಂಜಿನ್ ಕಾಯುವುದು, ಸೈಲೆನ್ಸರ್ ಪೈಪು ಸುಡುವುದು, ಎಳೆತವಿಲ್ಲದಿರುವುದು ಎಲ್ಲವೂ ತಡವಾದ ಕಿಡಿಯ ಲಕ್ಷಣಗಳೇ. ನನ್ನ ಅಭಿಪ್ರಾಯದಲ್ಲಿ ಡ್ರೈವ್ ಗೇರು ಒಂದು ಹಲ್ಲು ಹಿಂದೆ ಕೂತಿದೆ. ಹಲ್ಲಿನ ತಪ್ಪನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಪಡಿಸಲು ಹೊರಟರೆ ಕೊನೆಗೆ ಹೀಗೆಯೇ ಬ್ಲಾಕಿಗೆ ತಾಗಿ ನಿಲ್ಲುತ್ತದೆ.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ರಾಕರ್ ಕವರ್ ತೆಗೆದು, ಎಂಜಿನ್ನನ್ನು ಹ್ಯಾಂಡಲಿನಿಂದ ಅದು ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ರೇಡಿಯೇಟರ್ ಪಕ್ಕದ್ದು ಒಂದನೇ ಸಿಲಿಂಡರ್. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್‌ಲೆಟ್ ವಾಲ್ವ್ ತೆರೆಯಲು ಶುರುವಾಗುವ ಘಳಿಗೆಯಲ್ಲಿ ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಶನ್ನಿನ ತುದಿಗೆ ಬಂದಿರುತ್ತದೆ. ಆಗ ಕ್ರ್ಯಾಂಕ್ ಪುಲ್ಲಿಯ ಗೀರು ಟೈಮಿಂಗ್ ಕವರಿನ ಮೊನೆಗಳಲ್ಲಿ ಎಲ್ಲಕ್ಕಿಂತ ಉದ್ದನೆಯದಕ್ಕೆ ನೇರವಾಗುವಂತೆ ನಿಲ್ಲಿಸಿ. ಅದೇ ಟಿ.ಡಿ.ಸಿ. (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ). ಉಳಿದ ಎರಡು ಮೊನೆಗಳು ಅದಕ್ಕಿಂತ 5 ಮತ್ತು 10 ಡಿಗ್ರಿ ಮೊದಲಿನ ಸ್ಥಾನವನ್ನು ತೋರಿಸುತ್ತವೆ. ಪುಲ್ಲಿಯ ಗೀರು ಮಾತ್ರ ನೋಡಿ ನಿಲ್ಲಿಸಬೇಡಿ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಡಿಸ್ಟ್ರಿಬ್ಯೂಟರ್ ಒಂದು ಸುತ್ತು ಬರುವುದರಿಂದ ಅದೇ ಗೀರು ಎಕ್ಸಾಸ್ಟಿನ ಕೊನೆಯಲ್ಲೂ ಅದೇ ಮೊನೆಗೆ ಬರುತ್ತದೆ.

ಈಗ ಕ್ಲ್ಯಾಂಪ್ ಪ್ಲೇಟಿನ ಬೋಲ್ಟುಗಳನ್ನು ಬಿಚ್ಚಿ ಡಿಸ್ಟ್ರಿಬ್ಯೂಟರನ್ನು ಮೇಲಕ್ಕೆ ಎಳೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಸೀಳಿನ ಎರಡು ಬದಿಗಳಲ್ಲಿ ಒಂದು ಅಗಲ, ಒಂದು ಕಿರಿದು. ಅಗಲವಾದ ಭಾಗ ಮೇಲಿದ್ದು, ಸೀಳು ಗಡಿಯಾರದ ಒಂದು ಗಂಟೆಯ ದಿಕ್ಕಿನಲ್ಲಿ ಇರಬೇಕು. ನಿಮ್ಮದು ಎರಡು ಗಂಟೆಯ ಕಡೆಗೆ ಅಥವಾ ಅದಕ್ಕೂ ಕೆಳಗೆ ಇದ್ದರೆ ನನ್ನ ಊಹೆ ಸರಿ.

ಸರಿಪಡಿಸಲು, ಡಿಸ್ಟ್ರಿಬ್ಯೂಟರ್ ಹೌಸಿಂಗನ್ನು ಹಿಡಿದಿರುವ ಒಂದೇ ಬೋಲ್ಟನ್ನು ತೆಗೆದು ಹೌಸಿಂಗನ್ನು ಹೊರಗೆಳೆಯಿರಿ. ಡ್ರೈವ್ ಗೇರಿನ ತಲೆಯಲ್ಲಿ 5/16 ಇಂಚಿನ ಯು.ಎನ್.ಎಫ್. (ಸಣ್ಣ ಎಳೆಗಳ) ತಿರುಪು ಮರೆ ಇದೆ. ಎಂಜಿನ್ ಪಕ್ಕದ ಟ್ಯಾಪೆಟ್ ಕವರಿನ ಮೂರೂವರೆ ಇಂಚಿನ ಬೋಲ್ಟು ಅದಕ್ಕೆ ಸರಿಯಾಗಿ ಕೂರುತ್ತದೆ. ಅದನ್ನೇ ತಿರುಗಿಸಿ ಹಿಡಿಕೆ ಮಾಡಿಕೊಂಡು ಗೇರನ್ನು ಮೇಲಕ್ಕೆತ್ತಿ. ಮರಳಿ ಇಳಿಸುವಾಗ ಅಗಲವಾದ ಭಾಗ ಮೇಲಿರಲಿ, ಸೀಳು ಅಡ್ಡಗೆರೆಗಿಂತ ಸ್ವಲ್ಪ ಕೆಳಕ್ಕೆ ವಾಲಿರಲಿ. ಹಲ್ಲುಗಳು ಓರೆಯಾಗಿರುವುದರಿಂದ ಗೇರು ಇಳಿಯುತ್ತಾ ತಾನಾಗಿಯೇ ಅಪ್ರದಕ್ಷಿಣವಾಗಿ ತಿರುಗಿ ಒಂದು ಗಂಟೆಯ ದಿಕ್ಕಿಗೆ ಬಂದು ನಿಲ್ಲುತ್ತದೆ. ಈ ತಿರುವನ್ನು ಲೆಕ್ಕಕ್ಕೆ ಹಿಡಿಯದೆ, ಸೀಳನ್ನು ಮೊದಲೇ ಒಂದು ಗಂಟೆಗೆ ಹಿಡಿದು ಇಳಿಸುವುದರಿಂದ ಆಗುವ ತಪ್ಪುಗಳನ್ನು ನಾನು ಬಹಳ ಕಾರುಗಳಲ್ಲಿ ನೋಡಿದ್ದೇನೆ. ಹೌಸಿಂಗಿಗೆ ಅದರದೇ ಬೋಲ್ಟನ್ನು ಹಾಕಿ. ಬೇರೆ ಬೋಲ್ಟಿನ ತಲೆ ಮೇಲೆ ಎದ್ದಿದ್ದರೆ ಡಿಸ್ಟ್ರಿಬ್ಯೂಟರ್ ಸಮವಾಗಿ ಕೂರುವುದಿಲ್ಲ.

ಫೀಲರ್ ಗೇಜ್ ಅವರ ಉತ್ತರ

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಟೈಮಿಂಗ್ ಇಡುವ ಮೊದಲೇ ಪಾಯಿಂಟ್ ಗ್ಯಾಪ್ ಇಟ್ಟು ಮುಗಿಸಿರಬೇಕು, ಏಕೆಂದರೆ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಅಂದರೆ ಟೈಮಿಂಗ್ ಮುಂದಕ್ಕೆ ಹೋಗುತ್ತದೆ; ಗ್ಯಾಪ್ ಕಡಿಮೆಯಾದರೆ ಹಿಂದಕ್ಕೆ ಬರುತ್ತದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಲೂಕಾಸ್ ಡಿಸ್ಟ್ರಿಬ್ಯೂಟರಿಗೆ 0.014ರಿಂದ 0.016 ಇಂಚು, ಅಂದರೆ 0.35ರಿಂದ 0.40 ಮಿ.ಮೀ. ಪಾಯಿಂಟಿನ ಹೀಲ್ (ಕ್ಯಾಮಿಗೆ ಉಜ್ಜುವ ಭಾಗ) ಡಿಸ್ಟ್ರಿಬ್ಯೂಟರಿನೊಳಗಿನ ಕ್ಯಾಮಿನ ಮೂಲೆಯ ತುತ್ತತುದಿಯಲ್ಲಿ ನಿಂತಿರುವಾಗಲೇ ಅಳೆಯಬೇಕು. ಹೊಸ ಪಾಯಿಂಟಿನ ಮುಖದಲ್ಲಿ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯ ತೆಳು ಪದರ ಇರುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ನಂತರ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ, ಒಂದನ್ನು ಡಿಸ್ಟ್ರಿಬ್ಯೂಟರ್ ಪಕ್ಕದ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ ಮೈಗೂ ಕೊಟ್ಟು ಇಗ್ನಿಷನ್ ಆನ್ ಮಾಡಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಡಿಗ್ರಿಗೆ, ಕೈಪಿಡಿ ಇಲ್ಲದಿದ್ದರೆ ಆರಂಭಕ್ಕೆ 5 ಡಿಗ್ರಿಯ ಮೊನೆಗೆ, ಪುಲ್ಲಿಯ ಗೀರನ್ನು ತನ್ನಿ. ಗೀರು ಮೊನೆಯನ್ನು ದಾಟಿ ಹೋದರೆ ಅಷ್ಟೇ ಹಿಂದಕ್ಕೆ ತಳ್ಳಿ ನಿಲ್ಲಿಸಬೇಡಿ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಇಲ್ಲದಿದ್ದರೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನಿನ ಸಡಿಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಈಗ ಡಿಸ್ಟ್ರಿಬ್ಯೂಟರನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಬಲ್ಬ್ ಆರುವಂತೆ ಮಾಡಿ, ಅಲ್ಲಿಂದ ಪ್ರದಕ್ಷಿಣವಾಗಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತನ್ನಿ. ಬಲ್ಬ್ ಹತ್ತುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಅಲ್ಲಿ ಬಿಗಿ ಮಾಡಿ. ಡಿಸ್ಟ್ರಿಬ್ಯೂಟರ್ ಮೈ 1 ಡಿಗ್ರಿ ತಿರುಗಿದರೆ ಕ್ರ್ಯಾಂಕಿನಲ್ಲಿ ಅದು 2 ಡಿಗ್ರಿ ಎಂಬುದು ನೆನಪಿರಲಿ. ಕೆಲಸ ಮುಗಿದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಆನ್ ಇಟ್ಟರೆ ಕಾಯಿಲ್ ಕಾದು ಹಾಳಾಗುತ್ತದೆ.

ತೀರ್ಥಹಳ್ಳಿ ಮಾರ್ಕ್4 ಅವರ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದಂತೆಯೇ ಟಿ.ಡಿ.ಸಿ.ಗೆ ತಂದು ನೋಡಿದಾಗ ಸೀಳು ಎರಡು ಗಂಟೆಯನ್ನೂ ದಾಟಿ ನಿಂತಿತ್ತು. ಟ್ಯಾಪೆಟ್ ಕವರ್ ಬೋಲ್ಟಿನಿಂದ ಗೇರನ್ನು ಎತ್ತಿ ಮರಳಿ ಇಳಿಸಿದಾಗ ಅದು ತಿರುಗುತ್ತಾ ಬಂದು ಒಂದು ಗಂಟೆಗೆ ಕೂತಿದ್ದನ್ನು ಕಣ್ಣಾರೆ ಕಂಡೆ. ಬಲ್ಬಿನಿಂದ 5 ಡಿಗ್ರಿಗೆ ಟೈಮಿಂಗ್ ಇಟ್ಟಿದ್ದೇನೆ. ವ್ಯಾಕ್ಯೂಮ್ ಡಬ್ಬಿಗೂ ಬ್ಲಾಕಿಗೂ ನಡುವೆ ಈಗ ಬೆರಳು ತೂರುವಷ್ಟು ಜಾಗವಿದೆ. ಸೆಲ್ಫ್ ಮುಟ್ಟಿದ ಕೂಡಲೇ ಎಂಜಿನ್ ಹಿಡಿಯುತ್ತದೆ, ಫಟ್ ಸದ್ದು ಪೂರ್ತಿ ನಿಂತಿದೆ, ಟೆಂಪರೇಚರ್ ಮೊದಲಿನ ಸ್ಥಿತಿಗೆ ಬಂದಿದೆ.

ಆದರೆ ಹೊಸದೊಂದು ತೊಂದರೆ ಕಾಣಿಸಿಕೊಂಡಿದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ತಿರುವು ಮುಗಿಸಿ ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಗಟ್ಟಿಯಾಗಿ ನಾಕಿಂಗ್ ಹೊಡೆಯುತ್ತದೆ. ಗೆಳೆಯರೊಬ್ಬರಿಂದ ಟೈಮಿಂಗ್ ಲೈಟ್ (ಕಿಡಿಯೊಂದಿಗೆ ಮಿಂಚುವ ದೀಪ) ತಂದು ನೋಡಿದರೆ, ಬಲ್ಬಿನಿಂದ 5 ಡಿಗ್ರಿಗೆ ಇಟ್ಟ ಗೀರು ಐಡ್ಲಿಂಗಿನಲ್ಲೇ 10 ಡಿಗ್ರಿಯ ಮೊನೆಯನ್ನು ದಾಟಿ ಕಾಣುತ್ತದೆ. ಆಕ್ಸಿಲರೇಟರನ್ನು ಸ್ವಲ್ಪ ಎತ್ತಿದರೂ ಗೀರು ಮೊನೆಗಳಿಂದ ಬಹಳ ದೂರ ಹೋಗಿಬಿಡುತ್ತದೆ. ಯಾವುದನ್ನು ನಂಬಬೇಕು, ಬಲ್ಬನ್ನೋ, ಲೈಟನ್ನೋ?

ಕ್ಯಾಮ್ ಮತ್ತು ಕಾಯಿಲ್ ಅವರ ಉತ್ತರ

ಎರಡನ್ನೂ ನಂಬಬೇಕು, ಏಕೆಂದರೆ ಎರಡೂ ಬೇರೆ ಬೇರೆ ಸ್ಥಿತಿಗಳನ್ನು ತೋರಿಸುತ್ತಿವೆ. ಬಲ್ಬ್ ನಿಂತ ಎಂಜಿನ್ನಿನ ಟೈಮಿಂಗ್ ಹೇಳುತ್ತದೆ, ಲೈಟು ಓಡುವ ಎಂಜಿನ್ನಿನದು. ವ್ಯಾಕ್ಯೂಮ್ ಪೈಪನ್ನು ಬಿಚ್ಚಿ, ಅದರ ಬಾಯಿ ಮುಚ್ಚಿ, ಇನ್ನೊಮ್ಮೆ ಲೈಟ್ ಹಿಡಿದು ನೋಡಿ. ಆಗಲೂ ಹಾಗೆಯೇ ಇದ್ದರೆ ವ್ಯಾಕ್ಯೂಮ್ ನಿರಪರಾಧಿ. ಘಾಟಿಯ ನಾಕಿಂಗಿಗೂ ವ್ಯಾಕ್ಯೂಮ್ ಕಾರಣವಾಗುವ ಸಂಭವ ಕಡಿಮೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಥ್ರಾಟಲ್ ತೆರೆದುಕೊಂಡು ಗಾಳಿಯ ಎಳೆತ (ವ್ಯಾಕ್ಯೂಮ್) ಬಹುತೇಕ ಇಲ್ಲವಾಗುತ್ತದೆ, ಡಬ್ಬಿ ಆಗ ಕೆಲಸವನ್ನೇ ಮಾಡುವುದಿಲ್ಲ.

ಉಳಿಯುವುದು ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಕೂರುವ ಬೇಸ್ ಪ್ಲೇಟಿನ ಕೆಳಗಿನ ಎರಡು ತೂಕಗಳು ಮತ್ತು ಅವನ್ನು ಹಿಡಿದಿರುವ ಎರಡು ಸ್ಪ್ರಿಂಗುಗಳು. ಎಂಜಿನ್ ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಸರಿದು ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಎಷ್ಟು ವೇಗಕ್ಕೆ ಎಷ್ಟು ಸರಿಯಬೇಕೆಂಬುದನ್ನು ಸ್ಪ್ರಿಂಗುಗಳು ನಿರ್ಧರಿಸುತ್ತವೆ. ನಿಮ್ಮ ಕಾರಿನಲ್ಲಿ ಐಡ್ಲಿಂಗಿನಲ್ಲೇ ಅವು ಹೊರಟುಬಿಟ್ಟಿವೆ. ಬೇಸ್ ಪ್ಲೇಟ್ ತೆಗೆದು ಸ್ಪ್ರಿಂಗುಗಳನ್ನು ನೋಡಿ. ಹಲವು ಲೂಕಾಸ್ ಡಿಸ್ಟ್ರಿಬ್ಯೂಟರುಗಳಲ್ಲಿ ಎರಡೂ ಒಂದೇ ತೆರನಾಗಿರುವುದಿಲ್ಲ. ಒಂದು ತೆಳು ತಂತಿಯದು, ಆರಂಭದಿಂದಲೇ ಬಿಗಿ. ಇನ್ನೊಂದು ದಪ್ಪ ತಂತಿಯದು, ಅದರ ಕೊಂಡಿ ಉದ್ದವಾಗಿದ್ದು ನಿಂತ ಎಂಜಿನ್ನಿನಲ್ಲಿ ಸಡಿಲವಾಗಿ ತೂಗುತ್ತದೆ. ಆ ಸಡಿಲ ದೋಷವಲ್ಲ, ಹಾಗೆಯೇ ಮಾಡಲಾಗಿದೆ: ಕಡಿಮೆ ವೇಗದಲ್ಲಿ ತೆಳುವಾದದ್ದು ಮಾತ್ರ ಹಿಡಿಯುತ್ತದೆ, ವೇಗ ಏರಿದ ಮೇಲೆ ದಪ್ಪನೆಯದೂ ಸೇರಿಕೊಳ್ಳುತ್ತದೆ. ಸಡಿಲವಾಗಿರುವುದನ್ನು ಕಂಡು ಕೆಟ್ಟಿದೆಯೆಂದು ಬಿಸಾಡಿ ಸಿಕ್ಕಿದ ಸ್ಪ್ರಿಂಗ್ ಹಾಕುವುದು ಸಾಮಾನ್ಯವಾಗಿ ಆಗುವ ಅನಾಹುತ.

ಅದೇ ವೇಳೆಗೆ ಬೇಸ್ ಪ್ಲೇಟನ್ನು ಡಿಸ್ಟ್ರಿಬ್ಯೂಟರ್ ಮೈಗೆ ಸೇರಿಸುವ ಹೆಣೆದ ಸಣ್ಣ ಅರ್ತ್ ವೈರನ್ನೂ ಪರೀಕ್ಷಿಸಿ. ಪ್ಲೇಟ್ ಆಡಿದಂತೆಲ್ಲ ಅದು ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿಯೂ ನೋಡಿ. ಬುಶ್ ಸವೆದಿದ್ದರೆ ಪಾಯಿಂಟ್ ಗ್ಯಾಪ್ ಸುತ್ತು ಸುತ್ತಿಗೂ ಬದಲಾಗುತ್ತದೆ, ಲೈಟಿನಲ್ಲಿ ಗೀರು ಒಂದೆಡೆ ನಿಲ್ಲದೆ ಕುಣಿಯುತ್ತದೆ. ಲೈಟ್ ಹಿಡಿದಾಗ ಫ್ಯಾನ್ ನಿಂತಂತೆ ಕಾಣಬಹುದು, ಆದರೆ ಅದು ತಿರುಗುತ್ತಿರುತ್ತದೆ. ವೈರು, ಅಂಗಿಯ ತೋಳು, ಪಂಚೆಯ ಅಂಚು ಯಾವುದೂ ಹತ್ತಿರ ಸುಳಿಯದಿರಲಿ.

ಘಟ್ಟದ ಚಾಲಕ ಅವರ ಉತ್ತರ

ವಿವರಣೆ ಮನಸ್ಸಿಗೆ ಒಪ್ಪಿತು. ನಾವು ಕಿವಿಯಿಂದ ಇಡುತ್ತಿದ್ದಾಗಲೂ ಕೊನೆಯ ಪರೀಕ್ಷೆ ದಿಬ್ಬದಲ್ಲೇ ನಡೆಯುತ್ತಿತ್ತು: ಎಂಜಿನ್ ಚೆನ್ನಾಗಿ ಕಾದ ಮೇಲೆ ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನಾಕಿಂಗ್ ಒಂದೆರಡು ಕ್ಷಣ ಸಣ್ಣಗೆ ಕೇಳಿ ಮಾಯವಾದರೆ ಸರಿ, ಮುಂದುವರಿದರೆ ಸ್ವಲ್ಪ ಹಿಂದಕ್ಕೆ ತರುತ್ತಿದ್ದೆವು. ಕ್ಲ್ಯಾಂಪಿನ ಪಕ್ಕದ ಗೀರುಗಳುಳ್ಳ ಸಣ್ಣ ನಟ್ಟು ಇರುವುದು ಇದಕ್ಕೇ. ಅದರ ಬಳಿ ಎ ಮತ್ತು ಆರ್ ಎಂಬ ಗುರುತುಗಳಿವೆ. ಕ್ಲ್ಯಾಂಪ್ ಬಿಚ್ಚದೆಯೇ ಅದರಿಂದ ಸಣ್ಣ ಹೊಂದಾಣಿಕೆ ಮಾಡಬಹುದು. ಟೈಮಿಂಗ್ ಇಡುವ ಮೊದಲು ಆ ನಟ್ಟನ್ನು ಮಧ್ಯಕ್ಕೆ ತಂದಿಟ್ಟುಕೊಂಡರೆ ಎರಡೂ ಕಡೆಗೆ ಆಸ್ಪದ ಉಳಿಯುತ್ತದೆ.

ತೀರ್ಥಹಳ್ಳಿ ಮಾರ್ಕ್4 ಅವರ ಉತ್ತರ

ವ್ಯಾಕ್ಯೂಮ್ ಪೈಪ್ ಮುಚ್ಚಿದ ಮೇಲೂ ಗೀರು ಅದೇ ಜಾಗದಲ್ಲಿತ್ತು. ಬೇಸ್ ಪ್ಲೇಟ್ ತೆಗೆದು ನೋಡಿದಾಗ ಎರಡೂ ಕಡೆ ತೆಳು ತಂತಿಯ ಒಂದೇ ಬಗೆಯ ಸ್ಪ್ರಿಂಗುಗಳಿದ್ದವು, ಒಂದು ಹಿಗ್ಗಿ ಸುರುಳಿಗಳ ನಡುವೆ ಬೆಳಕು ಕಾಣುತ್ತಿತ್ತು. ಅರ್ತ್ ವೈರು ಗಟ್ಟಿಯಾಗಿಯೇ ಇತ್ತು. ಬೆಂಗಳೂರಿನಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಇದೇ ಮಾದರಿಯ ಹಳೆಯ ಡಿಸ್ಟ್ರಿಬ್ಯೂಟರ್ ಸಿಕ್ಕಿತು; ಅದರಿಂದ ಒಂದು ತೆಳು, ಒಂದು ದಪ್ಪ ಸ್ಪ್ರಿಂಗಿನ ಜೋಡಿಯನ್ನು ತೆಗೆದು ಹಾಕಿದೆ. ಈಗ ಐಡ್ಲಿಂಗಿನಲ್ಲಿ ಗೀರು 5 ಡಿಗ್ರಿಯ ಮೊನೆಯ ಹತ್ತಿರವೇ ನಿಲ್ಲುತ್ತದೆ, ವೇಗ ಏರಿಸಿದಂತೆ ಒಂದೇ ಸಮನೆ ಮುಂದೆ ಸರಿಯುತ್ತದೆ. ಮೊನ್ನೆ ಘಾಟಿ ಹತ್ತುವಾಗ ಹದಿನಾಲ್ಕು ತಿರುವುಗಳಲ್ಲೂ ನಾಕಿಂಗ್ ಕೇಳಲಿಲ್ಲ. ತೂಕಗಳ ಗೂಟಗಳಿಗೆ ಎಣ್ಣೆ ಬಿಡಬೇಕೇ, ಗ್ರೀಸ್ ಸವರಬೇಕೇ ಎಂಬುದೊಂದನ್ನು ತಿಳಿಸಿ.

ಫೀಲರ್ ಗೇಜ್ ಅವರ ಉತ್ತರ

ಗೂಟಗಳಿಗೆ ಎಂಜಿನ್ ಎಣ್ಣೆಯ ಒಂದೆರಡು ಹನಿ ಸಾಕು; ಗ್ರೀಸ್ ಗಟ್ಟಿಯಾಗಿ ತೂಕಗಳನ್ನು ಹಿಡಿದುಬಿಡಬಹುದು. ರೋಟರ್ ತೆಗೆದರೆ ಕೆಳಗೆ ಕಾಣುವ ಸ್ಕ್ರೂವಿನ ತಲೆಯ ಮೇಲೂ ಕೆಲವು ಹನಿ ಬಿಡಿ, ಸ್ಕ್ರೂ ಬಿಚ್ಚಬೇಕಾಗಿಲ್ಲ, ಅದರ ಪಕ್ಕದ ಸಂದಿನಿಂದ ಎಣ್ಣೆ ಒಳಗೆ ಇಳಿಯುತ್ತದೆ. ಗ್ರೀಸ್ ಬೇಕಾಗಿರುವುದು ಕ್ಯಾಮಿನ ಮೈಗೆ ಮಾತ್ರ, ಅದೂ ತೆಳುವಾದ ಒಂದು ಲೇಪ. ಹೆಚ್ಚಾದರೆ ಸಿಡಿದು ಪಾಯಿಂಟಿನ ಮುಖಕ್ಕೆ ಬಿದ್ದು ಮಿಸ್ ಹೊಡೆಯುತ್ತದೆ. ಹೊಸ ಪಾಯಿಂಟಿನ ಹೀಲ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕ್ಯಾಮಿಗೆ ಉಜ್ಜಿಕೊಂಡು ಹೊಂದುವಾಗ ಬೇಗ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಅದರೊಂದಿಗೆ ಟೈಮಿಂಗೂ ಹಿಂದಕ್ಕೆ ಜಾರುತ್ತದೆ. ಆದ್ದರಿಂದ ಅಷ್ಟು ಓಡಿದ ಮೇಲೆ ಗ್ಯಾಪನ್ನು ಮತ್ತೆ 0.35 ಮಿ.ಮೀ.ಗಿಂತ ಕಡಿಮೆಯಾಗದಂತೆ ಸರಿಮಾಡಿ, ಬಲ್ಬ್ ಹಿಡಿದು ಟೈಮಿಂಗನ್ನು ಇನ್ನೊಮ್ಮೆ ನೋಡಿಕೊಳ್ಳಿ.